ಗೆರಟೆ ದೀಪದ ಬೆಸುಗೆ ಹಸಿರಾಗುತ್ತಿದ್ದರೆ

ದಿನಕ್ಕೊಂದು ಮಾಡುವ ಗೆರಟೆ ದೀಪಗಳಲ್ಲಿ ಬೆಸುಗೆ ಹಸಿರಾಗಿ ಎಲ್‌ಇಡಿ ಮಿಣುಕುತ್ತಿದೆ ಎಂದು ನೀವು ಫೋಟೋ ಸಮೇತ ಕೇಳಿದ್ದೀರಿ. ಇದಕ್ಕೆ ಕಾರಣ ಬಹುಶಃ ಒರೆಸದೆ ಉಳಿದ ಫ್ಲಕ್ಸ್, ಅಂದರೆ ಬೆಸುಗೆ ಚೆನ್ನಾಗಿ ಹಿಡಿಯಲೆಂದು ಹಚ್ಚುವ ಪದಾರ್ಥ. ಕಾರವಾರದ ಉಪ್ಪುಗಾಳಿಯೂ ಸೇರಿದರೆ ವೈರ್‌ನ ತಾಮ್ರ ಬೇಗ ಹಾಳಾಗುತ್ತದೆ. ಮಳೆಗಾಲದಲ್ಲಂತೂ ಕೇಳುವುದೇ ಬೇಡ.

ಮೊದಲು ಬ್ಯಾಟರಿ ತೆಗೆಯಿರಿ. ಹಸಿರು ಪುಡಿಯನ್ನು ಬ್ಲೇಡಿನಿಂದ ಕೆರೆಯಿರಿ. ವೈರ್ ಒಳಗೂ ಕಪ್ಪಾಗಿದ್ದರೆ ಅಷ್ಟನ್ನು ಕತ್ತರಿಸಿ, ಹೊಸದಾಗಿ ಬೆಸೆಯಿರಿ. ರೋಸಿನ್ (ರಾಳದ) ಫ್ಲಕ್ಸ್ ಸಾಕು. ಪಾತ್ರೆ ಬೆಸೆಯುವವರ ಆಸಿಡ್ ಫ್ಲಕ್ಸ್ ಬೇಡವೇ ಬೇಡ. ಆರಿದ ಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ, ಬೆರಳಿಗೆ ಅಂಟು ಹತ್ತದಷ್ಟು. ಪೂರ್ತಿ ಒಣಗಿಸಿ, ಬಣ್ಣವಿಲ್ಲದ ನೇಲ್ ಪಾಲಿಶ್ ಎರಡು ಸಲ ಹಚ್ಚಿ. ಬ್ಯಾಟರಿ ತಾಗುವ ಜಾಗಕ್ಕೆ ಮಾತ್ರ ಹಚ್ಚಬೇಡಿ.

ಆಮೇಲೂ ಮಿಣುಕಿದರೆ ಬ್ಯಾಟರಿ ಕೂರುವ ಹೋಲ್ಡರ್‌ನ ಸ್ಪ್ರಿಂಗ್ ತುಕ್ಕು ಹಿಡಿದಿರಬಹುದು, ನಿಮ್ಮ ಫೋಟೋದಲ್ಲಿ ಅದು ಕಾಣುತ್ತಿಲ್ಲ. ಬ್ಯಾಟರಿಯನ್ನು ಒತ್ತಿ ಹಿಡಿದಾಗ ದೀಪ ಸರಿಯಾಗಿ ಉರಿದರೆ ಹೋಲ್ಡರ್ ಬದಲಿಸಿ.