ಅರ್ಧಕ್ಕೆ ಎದ್ದುಬಂದ ಸಿನಿಮಾದ ಉಳಿದ ಕಥೆ

ಪ್ರಶ್ನೆ: ನನಗೆ 54 ವರ್ಷ. ಇಪ್ಪತ್ತಾರು ವರ್ಷ ಸರ್ಕಾರಿ ಬಸ್ ಓಡಿಸಿದೆ. ಕಣ್ಣಿನ ತೊಂದರೆ ಅಂತ ಏಳು ತಿಂಗಳಿಂದ ಡಿಪೋ ಗೇಟಿಗೆ ಹಾಕಿದ್ದಾರೆ. ಮನೆಯಲ್ಲಿ ಹೇಳಿಲ್ಲ. ದಿನಾ ಖಾಕಿ ಹಾಕಿಕೊಂಡೇ ಹೊರಡುತ್ತೇನೆ. ಮುಂದಿನ ತಿಂಗಳು ಮಗಳ ಮದುವೆ. ಮೊನ್ನೆ ಮಗ ಒಂದು ಹಳೇ ಮೂಕಿ ಚಿತ್ರ ಹಾಕಿದ. ಹೋಟೆಲ್ ಬಾಗಿಲು ಕಾಯುವವನ ಕೋಟು ಬಿಚ್ಚಿಸಿ ಶೌಚಾಲಯದ ಕೆಲಸಕ್ಕೆ ಹಾಕುತ್ತಾರೆ. ನೋಡಲಾಗದೆ ಎದ್ದುಹೋದೆ. ಮದುವೆ ಮುಗಿಯುವವರೆಗೆ ಸುಮ್ಮನಿದ್ದುಬಿಡಲಾ?

ಉತ್ತರ: ಅದು ‘ದ ಲಾಸ್ಟ್ ಲಾಫ್’, ಅಲ್ವಾ? 1924ರ ಜರ್ಮನ್ ಚಿತ್ರ. ಮುರ್ನೌ ನಿರ್ದೇಶನ, ಎಮಿಲ್ ಯಾನಿಂಗ್ಸ್ ನಟನೆ. ಕೋಟು ಎಳೆಯುವಾಗ ಒಂದು ಗುಂಡಿ ಕಿತ್ತು ಬೀಳುತ್ತದೆ. ನನಗೂ ಅಲ್ಲಿ ಗಂಟಲು ಕಟ್ಟಿತ್ತು. ಆದರೆ ನಿಮಗೆ ಬೇಕಾದ್ದು ಇರೋದು ಅದರ ನಂತರ.

ಅವತ್ತು ಅವನ ಮನೆಯಲ್ಲೂ ಮದುವೆ. ಕೋಟಿಲ್ಲದೆ ವಠಾರಕ್ಕೆ ಹೋಗೋದು ಹೇಗೆ? ಹೋಟೆಲಿನಿಂದಲೇ ಅದನ್ನು ಕದ್ದು, ಹಾಕಿಕೊಂಡು ಹೋಗುತ್ತಾನೆ. ಮಾರನೇ ದಿನ ಕೋಟನ್ನು ರೈಲ್ವೆ ಸ್ಟೇಷನ್ನಿನ ಲಗೇಜ್ ರೂಮಿನಲ್ಲಿಟ್ಟು ಕೆಲಸಕ್ಕೆ ಇಳಿಯುತ್ತಾನೆ. ಅವತ್ತೇ ಗಂಡಿನ ಕಡೆಯ ಹೆಂಗಸೊಬ್ಬಳು ಪ್ರೀತಿಯಿಂದ ಊಟ ಹಿಡಿದು ಹೋಟೆಲಿಗೆ ಬರಬೇಕೇ! ಬಾಗಿಲಲ್ಲಿ ಬೇರೆ ಯಾರೋ ನಿಂತಿದ್ದಾನೆ. ಇವನು ಕೆಳಗೆ, ಶೌಚಾಲಯದಲ್ಲಿ. ಅಲ್ಲಿಗೆ ಇಡೀ ವಠಾರ ನಗುತ್ತದೆ.

ಗುಟ್ಟು ರಟ್ಟು ಮಾಡಿದ್ದು ಒಂದು ಊಟದ ಪಾತ್ರೆ, ನೋಡಿ. ನಿಮ್ಮ ಬೀಗರೂ ಲಗ್ನಪತ್ರಿಕೆ ಹಿಡಿದು ಡಿಪೋ ಗೇಟಿಗೆ ಬಂದಾರು. ಅದೂ ಒಳ್ಳೇ ಮನಸ್ಸಿನಿಂದಲೇ.

ಹಾಗಾಗಿ ಹೆಂಡತಿಗೆ ಈ ವಾರವೇ ಹೇಳಿ. ಅವರಿಗೆ ಈಗಾಗಲೇ ಗುಮಾನಿ ಇದೆ ಅಂತ ನನ್ನ ಲೆಕ್ಕ. ಏಳು ತಿಂಗಳಿಂದ ಆ ಅಂಗಿಯ ಬೆನ್ನಿನಲ್ಲಿ ಸೀಟಿಗೆ ಒರಗಿದ ಬೆವರಿನ ಕಲೆ ಇಲ್ಲ. ಒಗೆಯುವವರಿಗೆ ಗೊತ್ತಾಗದೇ ಇರುತ್ತಾ? ಆಮೇಲೆ ಇಬ್ಬರೂ ಕೂತು ಮಗಳಿಗೆ ಹೇಳಿ. ಬೀಗರಿಗೆ, "ಕಣ್ಣು ಸರಿಯಿಲ್ಲ, ಈಗ ಡಿಪೋದಲ್ಲಿದ್ದೀನಿ" ಅಂದರೆ ಸಾಕು. ಜಾಸ್ತಿ ವಿವರಿಸಲು ಹೋಗಬೇಡಿ. ಧಾರೆಗೆ ಹೇಗೂ ಪಂಚೆ, ಶಲ್ಯ ತಾನೇ?

ಇನ್ನೊಂದು ವಿಷಯ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ, ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂದವರನ್ನು ಸರ್ಕಾರಿ ಸಂಸ್ಥೆ ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಬೇರೆ ಕೆಲಸ ಕೊಟ್ಟರೂ ಅದೇ ವೇತನ ಶ್ರೇಣಿ ಕೊಡಬೇಕು. ಕಣ್ಣಿನ ಸರ್ಟಿಫಿಕೇಟ್ ಹಿಡಿದು ಯೂನಿಯನ್‌ನವರ ಹತ್ತಿರ ಹೋಗಿ, ನಿಮಗೆ ಅನ್ವಯಿಸುತ್ತದಾ ಕೇಳಿ. ಆ ಮುದುಕನಿಗೆ ಕೇಳಲು ಯಾರೂ ಇರಲಿಲ್ಲ.

ಕೊನೆಗೆ ಅವನಿಗೆ ಎಲ್ಲಿಂದಲೋ ಆಸ್ತಿ ಬರುತ್ತದೆ. ಅದನ್ನು ಬಿಡಿ. ನಿಜ ಜೀವನದಲ್ಲಿ ಹೀಗಾಗಲ್ಲ ಅಂತ ಚಿತ್ರವೇ ಒಪ್ಪಿಕೊಳ್ಳುತ್ತದೆ. ಅದಕ್ಕೆ ಸ್ವಲ್ಪ ಮುಂಚಿನ ದೃಶ್ಯವನ್ನು ಮಗನ ಜತೆ ಕೂತು ನೋಡಿ. ಎಲ್ಲರೂ ಕೈಬಿಟ್ಟ ಆ ರಾತ್ರಿ, ಹೋಟೆಲಿನ ಕಾವಲುಗಾರ ದೀಪ ಹಿಡಿದು ಶೌಚಾಲಯಕ್ಕೆ ಬರುತ್ತಾನೆ. ತನ್ನದೇ ಕೋಟು ಬಿಚ್ಚಿ ಮುದುಕನಿಗೆ ಹೊದಿಸುತ್ತಾನೆ.