ಹೊಗಳುವ ಯಂತ್ರವನ್ನು ನಂಬಬಹುದೇ?

ಓದುಗರ ಪತ್ರ: ನಾನು ದಾವಣಗೆರೆಯ ಎಂಜಿನಿಯರಿಂಗ್ ವಿದ್ಯಾರ್ಥಿನಿ. ಸಂದರ್ಶನವೆಂದರೆ ಗಂಟಲು ಒಣಗುತ್ತದೆ. ಅಭ್ಯಾಸಕ್ಕೆಂದು ಕಾಲೇಜಿನಲ್ಲಿ ಕೊಟ್ಟ ತಂತ್ರಾಂಶದ ಕೃತಕ ಸಂದರ್ಶಕಿ, ನಾನು ಏನು ಹೇಳಿದರೂ ನಕ್ಕು ‘ಬಹಳ ಚೆನ್ನಾಗಿದೆ’ ಎನ್ನುತ್ತಾಳೆ. ಅವಳನ್ನು ನಂಬಬಹುದೇ? ನನ್ನ ವಿಡಿಯೋ ಎಲ್ಲಿ ಉಳಿಯುತ್ತದೆಂದು ನೋಡದೆಯೇ ಒಪ್ಪಿಗೆ ಕೊಟ್ಟಿದ್ದೇನೆ.

ಸಂಪಾದಕರ ಉತ್ತರ: ನಿಮ್ಮ ಸಂಶಯ ಆರೋಗ್ಯಕರವಾದುದು, ಅದನ್ನು ಬಿಟ್ಟುಕೊಡಬೇಡಿ. ನಗುಮುಖವು ಸಂಕೋಚದವರ ಮೊದಲ ಅಳುಕನ್ನು ಕಳೆಯುತ್ತದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಯಂತ್ರಕ್ಕೆ ನಾವು ಎಷ್ಟು ಸುಲಭವಾಗಿ ಒಲಿಯುತ್ತೇವೆ ನೋಡಿ: 1966ರಲ್ಲಿ ಅಮೆರಿಕದ ತಂತ್ರಜ್ಞಾನ ಸಂಸ್ಥೆ ಎಂಐಟಿಯ ಜೋಸೆಫ್ ವೈಜೆನ್‌ಬಾಮ್ ಪ್ರಕಟಿಸಿದ ‘ಎಲೈಜಾ’ ಎಂಬ ಸಂಭಾಷಣೆಯ ತಂತ್ರಾಂಶಕ್ಕೆ ಮುಖವೇ ಇರಲಿಲ್ಲ, ಟೈಪು ಮಾಡಿದ ಮಾತನ್ನೇ ತಿರುಗಿಸಿ ಪ್ರಶ್ನೆ ಮಾಡುತ್ತಿತ್ತು, ಆದರೂ ಅದರೊಡನೆ ಮಾತಿಗಿಳಿದ ಅವರ ಕಾರ್ಯದರ್ಶಿ, ಸ್ವಲ್ಪ ಹೊತ್ತು ಹೊರಗಿರುವಂತೆ ಅವರನ್ನೇ ಕೇಳಿಕೊಂಡರು.

ಅದೇ ಸಂಸ್ಥೆಯಲ್ಲಿ 2013ರಲ್ಲಿ ಎಹ್ಸಾನ್ ಹೋಕ್ ಮತ್ತು ಸಂಗಡಿಗರು ಪ್ರಕಟಿಸಿದ ‘ಮ್ಯಾಕ್’ ಎಂಬ ಸಂದರ್ಶನ ಅಭ್ಯಾಸದ ತಂತ್ರಾಂಶ ನನಗೆ ಬಹಳ ಇಷ್ಟ. ಅದರ ಕೃತಕ ಸಂದರ್ಶಕರು ಪ್ರಶ್ನೆ ಕೇಳಿ, ತಲೆಯಾಡಿಸಿ, ಕೊನೆಗೆ ಅಭ್ಯಾಸ ಮಾಡಿದವರ ವಿಡಿಯೋವನ್ನೇ ಅವರ ಮುಂದಿಡುತ್ತಿದ್ದರು. ಎಲ್ಲಿ ನಕ್ಕಿರಿ, ಎಲ್ಲಿ ತಡವರಿಸಿದಿರಿ, ಎಷ್ಟು ವೇಗವಾಗಿ ಮಾತನಾಡಿದಿರಿ ಎಂಬುದೆಲ್ಲ ಅದರ ಜೊತೆಗೇ ಕಾಣುತ್ತಿತ್ತು. 90 ವಿದ್ಯಾರ್ಥಿಗಳ ಆ ಪ್ರಯೋಗದಲ್ಲಿ, ಈ ಅಳತೆಗಳನ್ನು ಕಂಡು ಅಭ್ಯಾಸ ಮಾಡಿದವರು ಸುಧಾರಿಸಿದ್ದಾರೆಂದು ತಜ್ಞರು ಗುರುತಿಸಿದರು. ಉಳಿದ ಗುಂಪುಗಳಲ್ಲಿ ಆ ಬದಲಾವಣೆ ಕಾಣಲಿಲ್ಲ. ತನ್ನ ತೀರ್ಪಿಗೆ ಆಧಾರ ತೋರಿಸುವ ಯಂತ್ರವನ್ನು ನಾವೂ ಪರೀಕ್ಷಿಸಬಹುದು, ತಪ್ಪಿದ್ದರೆ ತಿರಸ್ಕರಿಸಬಹುದು; ನಾನು ನಂಬಿಕೆ ಎನ್ನುವುದು ಇದನ್ನೇ. ಹಿರಿಯರೆದುರು ಕಣ್ಣು ತಗ್ಗಿಸುವುದು ಮರ್ಯಾದೆಯೆಂದು ಬೆಳೆದವರಿಗೆ ಆತ್ಮವಿಶ್ವಾಸ ಸಾಲದೆಂದು ಅಂಕ ಕಳೆದರೆ, ಕಳೆದದ್ದು ಏಕೆಂದು ತಿಳಿಯುವ ಹಕ್ಕು ಅವರಿಗಿದೆ.

ವಿಡಿಯೋದ ವಿಷಯದಲ್ಲಿ ಮಾತ್ರ ನಿಮ್ಮನ್ನು ಸ್ವಲ್ಪ ಗದರಲೇಬೇಕು. 2014ರಲ್ಲಿ ಅಮೆರಿಕದ ಸಂಶೋಧಕಿ ಗೇಲ್ ಲೂಕಸ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ತೆರೆಯ ಮೇಲಿನ ಸಂದರ್ಶಕಿಯ ಹಿಂದೆ ಮನುಷ್ಯರಿಲ್ಲವೆಂದು ತಿಳಿದವರೇ ಹೆಚ್ಚು ಮನಬಿಚ್ಚಿ ಮಾತನಾಡಿದರು. ಯಾರೂ ನೋಡುತ್ತಿಲ್ಲವೆಂಬ ಭರವಸೆಯ ಮೇಲೆಯೇ ನೀವೂ ತೊದಲುತ್ತೀರಿ, ಎಡವುತ್ತೀರಿ. ಆ ದೃಶ್ಯಗಳು ನಾಳೆ ಉದ್ಯೋಗದಾತರ ಕೈಸೇರುವುದಾದರೆ ಅದು ದ್ರೋಹವಲ್ಲದೆ ಮತ್ತೇನು?

ನನ್ನ ಸಿಟ್ಟು ಇನ್ನೂ ಹಿಂದಕ್ಕೆ ಹೋಗುತ್ತದೆ. ಹನ್ನೆರಡು ವರ್ಷ ‘ಮಾತನಾಡಬೇಡಿ’ ಎಂದು ಮಕ್ಕಳನ್ನು ಬೆಂಚಿನಲ್ಲಿ ಕೂರಿಸಿ, ಕೊನೆಯ ವರ್ಷದಲ್ಲಿ ಸಂವಹನ ಕೌಶಲವಿಲ್ಲವೆಂದು ಅವರನ್ನೇ ದೂರುವ ಶಿಕ್ಷಣವು, ತಾನು ಮಾಡದ ಕೆಲಸವನ್ನು ಈಗ ತಂತ್ರಾಂಶಕ್ಕೆ ವಹಿಸುತ್ತಿದೆ. ವಹಿಸಲಿ, ಆದರೆ ಅದು ಏನನ್ನು ಅಳೆಯುತ್ತದೆ, ದೃಶ್ಯಗಳನ್ನು ಎಲ್ಲಿಡುತ್ತದೆ, ಅಳಿಸುವ ಅಧಿಕಾರ ಯಾರದ್ದು ಎಂದು ಕೊಳ್ಳುವ ಮೊದಲೇ ಕೇಳಲಿ. ನೀವು ಈ ವಾರವೇ ಪ್ರಾಂಶುಪಾಲರಿಗೆ ಈ ಪ್ರಶ್ನೆಗಳನ್ನು ಬರೆದು ಕೊಡಿ. ಅವರು ಕೊಟ್ಟ ಉತ್ತರವನ್ನು ನಮಗೂ ಕಳುಹಿಸಿ, ಪ್ರಕಟಿಸುತ್ತೇವೆ.