ಬೆನ್ನಿಗೆ ಹಾಕುವ ಡೈಪರ್ ಬ್ಯಾಗ್ ಕೊಳ್ಳುವ ಮುನ್ನ

ಐದು ತಿಂಗಳ ಮಗುವಿನೊಂದಿಗೆ ಒಬ್ಬರೇ ಹೊರಟಾಗ ಹೆಗಲಚೀಲ ಜಾರುತ್ತದೆ, ಬೆನ್ನಿಗೆ ಹಾಕುವ ಡೈಪರ್ ಬ್ಯಾಗ್ ಕೊಳ್ಳಲೇ ಎಂದು ಕೇಳಿದ್ದೀರಿ. ಧಾರಾಳವಾಗಿ ಕೊಳ್ಳಿ, ಎರಡೂ ಕೈ ಮಗುವಿಗೆ ಸಿಗುತ್ತವೆ. ಆದರೆ ಮಗುವನ್ನು ಎದೆಗೆ ಕಟ್ಟಿಕೊಳ್ಳುವ ಕ್ಯಾರಿಯರ್ ಬಳಸುವವರಾದರೆ, ಅದನ್ನು ಧರಿಸಿಕೊಂಡೇ ಬ್ಯಾಗ್ ಹಾಕಿ ನೋಡಿ. ಎರಡರ ಪಟ್ಟಿಗಳೂ ಹೆಗಲಿನ ಒಂದೇ ಜಾಗದಲ್ಲಿ ಒತ್ತಿದರೆ ಅರ್ಧ ಗಂಟೆಯೂ ನಡೆಯಲಾಗದು.

ಜೇಬುಗಳ ಸಂಖ್ಯೆಗೆ ಮರುಳಾಗಬೇಡಿ. ಹದಿನೆಂಟು ಜೇಬಿದ್ದರೆ ಬೇಕಾದದ್ದು ಹದಿನೆಂಟನೆಯದರಲ್ಲಿರುತ್ತದೆ! ಬಾಯಿ ಅಗಲವಾಗಿ ತೆರೆದುಕೊಳ್ಳಬೇಕು, ಒಳಬಟ್ಟೆ ತಿಳಿ ಬಣ್ಣದ್ದಾಗಿದ್ದು ಒರೆಸಿದರೆ ಶುಚಿಯಾಗಬೇಕು. ವೈಪ್ಸ್ ಮಾತ್ರ ಹೊರಗಿನಿಂದಲೇ ಒಂದು ಕೈಗೆ ಸಿಗಲಿ. ಅರ್ಧ ದಿನದ ಓಡಾಟಕ್ಕೆ 15ರಿಂದ 20 ಲೀಟರ್ ಹಿಡಿಯುವ ಬ್ಯಾಗ್ ಸಾಕು. ಎರಡು-ಮೂರು ಗಂಟೆಗೊಂದರಂತೆ ಡೈಪರ್, ಮೇಲೆ ಒಂದೆರಡು ಹೆಚ್ಚುವರಿ, ಮಗುವಿಗೊಂದು ಜೊತೆ ಬಟ್ಟೆ, ನಿಮಗೂ ಒಂದು ಅಂಗಿ. ಕೊಳೆಯಾದದ್ದನ್ನು ಹಾಕಲು ನೀರು ಸೋರದ ಪುಟ್ಟ ಚೀಲವಿದ್ದರೆ ಬ್ಯಾಗಿನಲ್ಲಿ ಅದಕ್ಕೆಂದೇ ವಿಭಾಗ ಬೇಕಿಲ್ಲ.

ಮಗುವನ್ನು ಕೂರಿಸಿ ತಳ್ಳುವ ಗಾಡಿಯ, ಅಂದರೆ ಸ್ಟ್ರಾಲರ್‌ನ, ಹಿಡಿಗೆ ಬ್ಯಾಗ್ ತೂಗುಹಾಕುವ ಕೊಕ್ಕೆಯನ್ನು ದೊಡ್ಡ ಸೌಲಭ್ಯವೆಂದು ಮಾರುತ್ತಾರೆ. ಹಿಡಿಯ ಮೇಲೆ ಭಾರ ಬಿದ್ದರೆ ಸ್ಟ್ರಾಲರ್ ಹಿಂದಕ್ಕೆ ಮಗುಚಬಹುದು, ಹಗುರವಾದದ್ದಂತೂ ಇನ್ನೂ ಬೇಗ. ಬ್ಯಾಗನ್ನು ಕೆಳಗಿನ ಬುಟ್ಟಿಯಲ್ಲೇ ಇಡಿ. ಕೊಳ್ಳುವಾಗ ಆ ಬುಟ್ಟಿಯ ಅಳತೆ ಕೈಯಲ್ಲಿರಲಿ.